ಸ್ವಂತ ಪುಸ್ತಕ ಒಳಗೆ ತರಬಾರದು

ಅಕ್ಕನ ಮಗಳು ಹೋದ ತಿಂಗಳು ಬಳ್ಳಾರಿಯಿಂದ ಮದುರೈಗೆ ಬಂದಿದ್ದಳು. ಹೆಸರಿಗೆ ರಜೆ. ಬ್ಯಾಗ್ ತೆಗೆದರೆ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಉಳಿದದ್ದೆಲ್ಲ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪರೀಕ್ಷೆಯ ಗೈಡುಗಳು. ಎರಡು ವರ್ಷದಿಂದ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿ ಏಳು ವರ್ಷದ ಮಗ ಇದ್ದಾನೆ, ಅವನು ಇವಳನ್ನು ಒಂದು ನಿಮಿಷ ಬಿಡಲಿಲ್ಲ. ಎರಡನೇ ದಿನ ಸಂಜೆ ಮೆಲ್ಲಗೆ ಕೇಳಿದಳು, "ಮಾಮ, ಇಲ್ಲಿ ಹತ್ತಿರ ರೀಡಿಂಗ್ ರೂಮ್ ಏನಾರ ಐತಾ? ತಿಂಗಳ ಲೆಕ್ಕ ಬೇಡ, ದಿನದ ಲೆಕ್ಕದಲ್ಲಿ ಕೊಡ್ತಾರಾ ಕೇಳು."

ನಾನು ಊರು ಬಿಟ್ಟು ಹನ್ನೊಂದು ವರ್ಷ. ಓದೋದಕ್ಕೆ ಬಾಡಿಗೆ ಕಟ್ಟುತ್ತಾರೆ ಅನ್ನೋದು ಗೊತ್ತಿತ್ತು, ನಮ್ಮ ಮನೆಯಲ್ಲೇ ಕಟ್ಟುತ್ತಿದ್ದಾರೆ ಅನ್ನೋದು ಗೊತ್ತಿರಲಿಲ್ಲ. ಅವಳು ಬಿಡಿಸಿ ಹೇಳಿದಳು. ಒಂದು ಅಂಗಡಿಯ ಮೇಲಿನ ಮಹಡಿ. ಪ್ಲೈವುಡ್ ಅಡ್ಡ ಇಟ್ಟು ನಲವತ್ತು ಗೂಡು ಮಾಡಿದ್ದಾರೆ, ಒಂದೊಂದಕ್ಕೆ ಒಂದು ಕುರ್ಚಿ, ಒಂದು ಲೈಟು, ಒಂದು ಪ್ಲಗ್ಗು. ಅದಕ್ಕೆ ಕ್ಯಾಬಿನ್ ಅಂತ ಹೆಸರು. ತಿಂಗಳಿಗೆ 900 ರೂಪಾಯಿ, ಏಸಿ ಬೇಕಂದರೆ ಇನ್ನೂ ಜಾಸ್ತಿ. ಪುಸ್ತಕ ಒಂದೂ ಇಲ್ಲ, ದಿನಪತ್ರಿಕೆ ಎರಡು ಬರುತ್ತವೆ. ನಲವತ್ತು ಜನಕ್ಕೆ ಒಂದೇ ಬಾತ್‌ರೂಮು, ಹುಡುಗರಿಗೂ ಹುಡುಗಿಯರಿಗೂ ಅದೇ. "ಅದಕ್ಕೇ ನಾವು ನೀರು ಕಡಿಮೆ ಕುಡೀತೀವಿ" ಅಂದಳು, ಹವಾಮಾನದ ವಿಷಯ ಹೇಳಿದ ಹಾಗೆ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡ್ತೀವಲ್ವಾ, ಆ ಊರಲ್ಲಿ ಇಪ್ಪತ್ತಮೂರು ವರ್ಷದ ಹುಡುಗಿ ನೀರು ಕಡಿಮೆ ಕುಡಿದು ಸಂವಿಧಾನದ 73ನೇ ತಿದ್ದುಪಡಿ ಬಾಯಿಪಾಠ ಮಾಡುತ್ತಾಳೆ.

ಮಾರನೇ ದಿನ ರಜೆ ಹಾಕಿ ಅವಳನ್ನೂ ಮಗನನ್ನೂ ಕರೆದುಕೊಂಡು ನತ್ತಂ ರಸ್ತೆಯ ಕಲೈಞರ್ ಶತಮಾನೋತ್ಸವ ಗ್ರಂಥಾಲಯಕ್ಕೆ ಹೋದೆ. ಕಲೈಞರ್ ಅಂದರೆ ಕರುಣಾನಿಧಿ. ಆಟೋದವರಿಗೆ "ಕಲೈಞರ್ ನೂಲಗಂ" ಅಂದರೆ ಸಾಕು. ದಾರಿಯಲ್ಲಿ ಇವಳು, "ನೂಲಗಂ ಅಂದ್ರೆ ನೂಲಿನ ಅಂಗಡಿನಾ ಮಾಮ?" ಅಂದಳು. ಜೀನ್ಸ್ ಹೊಲಿಯುವ ಊರಿನವಳು, ಅವಳಿಗೆ ಹಾಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. ತಮಿಳಲ್ಲಿ ನೂಲು ಅಂದರೆ ದಾರವೂ ಹೌದು, ಪುಸ್ತಕವೂ ಹೌದು.

2023ರ ಜುಲೈ 15ಕ್ಕೆ ಬಾಗಿಲು ತೆರೆದ ಕಟ್ಟಡ ಇದು, ಕಾಮರಾಜರ ಹುಟ್ಟಿದ ದಿನ. ಎರಡು ಲಕ್ಷ ಚದರ ಅಡಿಗೂ ಮೇಲೆ, ನೆಲಮಹಡಿ ಬಿಟ್ಟು ಆರು ಮಹಡಿ. ಗೇಟಿನ ಹತ್ತಿರ ಬಂದ ಕೂಡಲೇ ನಮ್ಮ ಹುಡುಗಿ ಬ್ಯಾಗನ್ನು ಹಿಂದಕ್ಕೆ ಸರಿಸಿಕೊಂಡಳು. ಯಾಕೆ ಅಂದೆ. "ಗೈಡ್ ಐತಲ್ಲ, ಒಳಗೆ ಬಿಡಲ್ಲ."

ಆ ಮಾತಿಗೆ ನನ್ನ ತಲೆಯಲ್ಲಿ ಒಂದು ಬೋರ್ಡು ಎದ್ದು ನಿಂತಿತು. ನಾನು ಹೈಸ್ಕೂಲಲ್ಲಿದ್ದಾಗ ಹೋಗುತ್ತಿದ್ದ ಒಂದು ಗ್ರಂಥಾಲಯ, ಯಾವುದು ಅಂತ ಬೇಡ. ಬಾಗಿಲ ಪಕ್ಕ ನೀಲಿ ಬಣ್ಣದ ತಗಡಿನ ಮೇಲೆ ಬಿಳಿ ಅಕ್ಷರ: ಸ್ವಂತ ಪುಸ್ತಕಗಳನ್ನು ಒಳಗೆ ತರಬಾರದು. ಒಳಗೆ ಓರೆಯಾಗಿ ನಿಲ್ಲಿಸಿದ ಮರದ ಹಲಗೆ, ಅದರ ಮೇಲೆ ಪೇಪರು. ಒಂದು ಪೇಪರನ್ನು ನಾಲ್ಕು ಜನ ಹಾಳೆ ಹಾಳೆ ಹಂಚಿಕೊಂಡು ಓದೋರು, ಪದಬಂಧ ನನ್ನ ಕೈಗೆ ಬರುವ ಹೊತ್ತಿಗೆ ಯಾರೋ ಹಿರಿಯರು ಪೆನ್ನಲ್ಲೇ ತುಂಬಿಸಿರೋರು, ಅದೂ ತಪ್ಪು ತಪ್ಪಾಗಿ. ಪುಸ್ತಕಗಳು ಗಾಜಿನ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಸಾಹೇಬ್ರ ಹತ್ತಿರ. ಸಾಹೇಬ್ರು ಹೊರಗಡೆ. ಗಾಜಿನಾಚೆ ಪುಸ್ತಕದ ಬೆನ್ನಿನ ಮೇಲಿನ ಹೆಸರುಗಳನ್ನೇ ಓದಿ ಮನೆಗೆ ಬಂದ ದಿನಗಳಿವೆ. ಒಟ್ಟಿನಲ್ಲಿ ನಮ್ಮ ಪುಸ್ತಕ ತರೋ ಹಾಗಿಲ್ಲ, ಅವರ ಪುಸ್ತಕ ಮುಟ್ಟೋ ಹಾಗಿಲ್ಲ.

ಅಂಥ ಬೋರ್ಡು ಹಾಕಿದವರಿಗೂ ಒಂದು ಕಾರಣ ಇದ್ದಿರಬೇಕು. ಹೊರಗಿನ ಪುಸ್ತಕ ಒಳಗೆ ಬಂದರೆ ಹೋಗುವಾಗ ಯಾವುದು ಯಾರದು ಅಂತ ನೋಡಬೇಕು. ಒಂದು ಪುಸ್ತಕ ಕಳೆದರೆ ಅಲ್ಲಿಯ ಸಿಬ್ಬಂದಿಯೇ ಉತ್ತರ ಹೇಳಬೇಕು. ಕಳೆಯದೇ ಇರೋದೇ ಕೆಲಸ ಅಂತಾದಾಗ ಬೀಗ ಹಾಕೋದು ಎಲ್ಲಕ್ಕಿಂತ ಸುಲಭ. ನೂರು ವರ್ಷದ ಹಿಂದೆ ಇದೇ ರೋಗ ಮದ್ರಾಸಿನಲ್ಲೂ ಇತ್ತು. ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಸೇರಿದವರು, ಮೂಲತಃ ಗಣಿತದ ಮೇಷ್ಟ್ರು. ಗ್ರಂಥಾಲಯಕ್ಕೆ ಅವರು ಐದು ಸೂತ್ರ ಮಾಡಿದರು, ಮೊದಲನೆಯದೇ ಪುಸ್ತಕ ಇರೋದು ಬಳಸೋದಕ್ಕೆ ಅಂತ. ಕೇಳಿದರೆ ಇದನ್ನೂ ಹೇಳಬೇಕಾ ಅನಿಸುತ್ತೆ. ಹೇಳಬೇಕಾಗಿತ್ತು, ಯಾಕಂದರೆ ಬೀಗದ ಕೈ ಇತ್ತು. ಕೊನೆಗಾಲದಲ್ಲಿ ಅವರು ಇದ್ದದ್ದು ಬೆಂಗಳೂರಿನಲ್ಲೇ, ತೀರಿಕೊಂಡದ್ದೂ ಅಲ್ಲೇ, 1972ರಲ್ಲಿ.

ಸರಿ, ಗೇಟಿನ ವಿಷಯ. ಸೆಕ್ಯುರಿಟಿಯವರು ಬ್ಯಾಗ್ ಕೌಂಟರಿನಲ್ಲಿ ಇಡಿ ಅಂದರು. ಪುಸ್ತಕ ಅಂದೆ. ನಿಮ್ಮದಾ, ತೆಗೆದುಕೊಂಡು ಹೋಗಿ, ಸ್ವಂತ ಪುಸ್ತಕ ಓದೋರಿಗೆ ಬೇರೆ ಹಾಲ್ ಇದೆ ಅಂತ ಕೈ ತೋರಿಸಿದರು. ದುಡ್ಡು ಕೇಳಲಿಲ್ಲ. ನಮ್ಮ ಹುಡುಗಿ ಎರಡು ಗೈಡು, ಒಂದು ನೋಟ್‌ಬುಕ್ಕು ಎದೆಗವಚಿಕೊಂಡು, ಯಾರಾದರೂ ಹಿಂದೆ ಕರೆಯುತ್ತಾರೇನೋ ಅಂತ ತಿರುತಿರುಗಿ ನೋಡುತ್ತಾ ಒಳಗೆ ಹೋದಳು. ಹೋದವಳು ಹತ್ತು ನಿಮಿಷಕ್ಕೆ ವಾಪಸ್ ಬಂದು ನನ್ನ ಕಿವಿಯಲ್ಲಿ ಹೇಳಿದ್ದು ಪುಸ್ತಕದ ಸುದ್ದಿಯಲ್ಲ. "ಮಾಮ, ಹೆಣ್ಮಕ್ಕಳ ಬಾತ್‌ರೂಮ್ ಬೇರೆ ಐತೆ. ನೀರು ಬರ್ತೈತೆ."

ಈ ಹೊಸ ಗ್ರಂಥಾಲಯಗಳ ಬಗ್ಗೆ ಬರೆಯುವವರೆಲ್ಲ ಎಷ್ಟು ಲಕ್ಷ ಪುಸ್ತಕ, ಎಷ್ಟು ಕಂಪ್ಯೂಟರು ಅಂತ ಬರೆಯುತ್ತಾರೆ. ಇರಲಿ. ಮಕ್ಕಳ ವಿಭಾಗ ಚೆನ್ನಾಗಿದೆ, ನನ್ನ ಮಗ ನೆಲದ ಮೇಲೆ ಕಾಲು ಚಾಚಿ ಕೂತವನು ಎರಡು ಗಂಟೆ ಏಳಲಿಲ್ಲ, ಗಲಾಟೆ ಮಾಡಿದರೂ ಯಾರೂ ಗದರಲಿಲ್ಲ. ಸೆಲ್ಫಿ ತೆಗೆಯೋಕೆ ಬಂದವರೂ ಬೇಕಾದಷ್ಟು ಜನ ಇದ್ದರು. ಮಾಲ್ ನೋಡಿದ ಹಾಗೆ ನೋಡಿಕೊಂಡು ಹೋಗ್ತಾರೆ, ಹೋಗಲಿ ಬಿಡಿ. ನಾನು ಜಾಸ್ತಿ ಹೊತ್ತು ನಿಂತು ನೋಡಿದ್ದು ಆ ಸ್ವಂತ ಪುಸ್ತಕದ ಹಾಲನ್ನೇ. ಸಾಲು ಮೇಜು, ಪ್ರತಿ ಮೇಜಿನ ಮೇಲೂ ಟಿಎನ್‌ಪಿಎಸ್‌ಸಿ ಅನ್ನೋ ತಮಿಳುನಾಡು ಸರ್ಕಾರಿ ನೌಕರಿ ಪರೀಕ್ಷೆಯ ಗೈಡು, ನೀರಿನ ಬಾಟ್ಲಿ, ಹೈಲೈಟರು. ಅರ್ಧಕ್ಕೂ ಮೇಲೆ ಹುಡುಗಿಯರು. ಸಂಜೆ ಏಳೂವರೆಗೆ ನಾವು ಹೊರಟಾಗಲೂ ಸುಮಾರು ಜನ ಇನ್ನೂ ಕೂತೇ ಇದ್ದರು.

ನಮ್ಮ ಕಡೆ ಪುಸ್ತಕ ಪ್ರೇಮಿಗಳಿಗೆ ಈ ಹುಡುಗ ಹುಡುಗಿಯರನ್ನು ಕಂಡರೆ ಅಷ್ಟಕ್ಕಷ್ಟೆ. ಇವರೇನು ಓದುಗರಾ, ನೌಕರಿಗೆ ಓದೋರು, ಕುರ್ಚಿ ಹಿಡಿದುಕೊಂಡು ಕೂತುಬಿಡ್ತಾರೆ ಅಂತ ಗೊಣಗುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದವನೇ. ಈಗ ನನಗನಿಸೋದು ಬೇರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಈಗ ದಿನಾ ಎಂಟು ಹತ್ತು ಗಂಟೆ ಪುಸ್ತಕ ಹಿಡಿದು ಕೂರುವವರು ಯಾರಾದರೂ ಇದ್ದರೆ ಅದು ಇವರೇ. ಅವರಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ಫ್ಯಾನು, ಬಾಗಿಲು ಗಟ್ಟಿ ಇರುವ ಒಂದು ಬಾತ್‌ರೂಮು. ಅದನ್ನು ಕೊಡಲಾಗದೆ ಡಿಜಿಟಲ್ ಗ್ರಂಥಾಲಯ ಅಂತ ಎರಡು ಕಂಪ್ಯೂಟರು ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ ಕವರು ಹೊದಿಸಿದರೆ ಏನು ಬಂತು? ಮೊದಲು ಕೂರಿಸಿ. ಕೂತವರು ಯಾವತ್ತಾದರೂ ತಲೆಯೆತ್ತಿ ಬೀರು ನೋಡೇ ನೋಡ್ತಾರೆ. ನಮ್ಮ ಹುಡುಗಿ ಮಧ್ಯಾಹ್ನ ಗೈಡು ಸಾಕಾಗಿ ಮಕ್ಕಳ ವಿಭಾಗಕ್ಕೆ ಬಂದು, ನನ್ನ ಮಗನ ಪಕ್ಕ ಕೂತು, ತಿಮಿಂಗಿಲಗಳ ಚಿತ್ರದ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ನೋಡಿದಳು. ಪಿಡಿಒ ಪರೀಕ್ಷೆಗೆ ತಿಮಿಂಗಿಲ ಬರಲ್ಲ.

ತಮಿಳುನಾಡನ್ನು ಹೊಗಳೋಕೆ ಕೂತಿದ್ದಾನೆ ಅಂದುಕೊಳ್ಳಬೇಡಿ. ನಾನಿರುವ ಬೀದಿಯ ಹತ್ತಿರದ ಶಾಖಾ ಗ್ರಂಥಾಲಯಕ್ಕೆ ಮಳೆಗಾಲದಲ್ಲಿ ಬಕೆಟ್ ಇಡುತ್ತಾರೆ. ರಾಜಕೀಯವೂ ಕಡಿಮೆಯಿಲ್ಲ. ಚೆನ್ನೈನಲ್ಲಿ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರ ಸೆಪ್ಟೆಂಬರ್‌ನಲ್ಲಿ ತೆರೆಯಿತು, ಸರ್ಕಾರ ಬದಲಾಯಿತು, 2011ರಲ್ಲಿ ಹೊಸ ಸರ್ಕಾರ ಅದನ್ನು ಮಕ್ಕಳ ಆಸ್ಪತ್ರೆ ಮಾಡ್ತೀವಿ ಅಂತ ಹೊರಟಿತು. ಹೈಕೋರ್ಟು ತಡೆಯದಿದ್ದರೆ ಮಾಡಿಯೇ ಬಿಡೋರು. ಮದುರೈ ಕಟ್ಟಡಕ್ಕೂ ಒಬ್ಬ ನಾಯಕರ ಹೆಸರೇ, ನಾಳೆ ಏನೋ. ಆದರೆ ಒಂದು ಮಾತು ಒಪ್ಪಬೇಕು, ಅಲ್ಲಿ ಗ್ರಂಥಾಲಯಕ್ಕಾಗಿ ಜಗಳ ಆಡೋರಿದ್ದಾರೆ. ಜನ ಕೋರ್ಟಿಗೆ ಹೋದರು. ನಮ್ಮಲ್ಲಿ ಗ್ರಂಥಾಲಯ ಮುಚ್ಚಿದರೆ ಪಕ್ಕದ ಮಿರ್ಚಿ ಮಂಡಕ್ಕಿ ಅಂಗಡಿಯವನಿಗೆ ಮೊದಲು ಗೊತ್ತಾಗುತ್ತೆ.

ತಮಾಷೆ ಏನು ಗೊತ್ತಾ, ಈ ವಿಷಯದಲ್ಲಿ ಬಳ್ಳಾರಿ ಮೈಸೂರಿಗಿಂತ ಮುಂದಿತ್ತು. ಸ್ವಂತದ್ದೇನಲ್ಲ, ಬಳುವಳಿ. ಮದ್ರಾಸ್ ಪ್ರಾಂತ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ್ದು 1948ರಲ್ಲಿ, ಅದರ ಹಿಂದೆ ಇದ್ದವರೂ ಇದೇ ರಂಗನಾಥನ್. ಆಗ ಬಳ್ಳಾರಿ ಇದ್ದದ್ದು ಮದ್ರಾಸಿನಲ್ಲೇ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ರಾಯಚೂರು ಕಡೆಯವರಿಗೂ ಹೈದರಾಬಾದಿನ 1955ರ ಗ್ರಂಥಾಲಯ ಕಾಯ್ದೆ ಇತ್ತು, ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ. ಮೈಸೂರು ರಾಜ್ಯದ ಕಾಯ್ದೆ ಬಂದದ್ದು 1965ಕ್ಕೆ. ಹಿಂದುಳಿದವರು ಅಂತ ನಮ್ಮನ್ನು ಕರೆಯುವಾಗ ಇದನ್ನೂ ಯಾರಾದರೂ ನೆನೆಸಿಕೊಂಡರೆ ಚೆನ್ನ.

ದುಡ್ಡಿಲ್ಲ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಆಸ್ತಿ ತೆರಿಗೆಯ ಮೇಲೆ ನಮ್ಮಲ್ಲಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಹಾಕುತ್ತಾರೆ, ತಮಿಳುನಾಡಲ್ಲಿ 10 ಪೈಸೆ. ಇಲ್ಲಿ ನಾನು ಬಾಡಿಗೆ ಮನೆಯವನು, ಅದನ್ನು ಕಟ್ಟೋದು ಓನರ್ರು, ಅವರು ಒಂದು ಸಲವೂ ಗ್ರಂಥಾಲಯದ ಮೆಟ್ಟಿಲು ಹತ್ತಿಲ್ಲ. ಮದುರೈನಂಥ ಕಟ್ಟಡ ಬರೀ ಕರದ ದುಡ್ಡಲ್ಲಿ ಏಳಲ್ಲ ಅನ್ನೋದು ನಿಜ, ಅದಕ್ಕೆ ಸರ್ಕಾರ 200 ಕೋಟಿಗೂ ಜಾಸ್ತಿ ಸುರಿದಿದೆ. ಆದರೆ ಬಳ್ಳಾರಿಗೆ ಬೇಕಾದದ್ದು ಆರು ಮಹಡಿ ಅಲ್ಲ. ಅದಿರು ಅಗೆದ ಲೆಕ್ಕದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ದುಡ್ಡು ಬರುತ್ತೆ, ಅದನ್ನು ಶಿಕ್ಷಣಕ್ಕೆ ಖರ್ಚು ಮಾಡಬಹುದು ಅಂತ ನಿಯಮದಲ್ಲೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಬೇರೆ. ಇನ್ನೂರು ಕುರ್ಚಿ, ನಾಲ್ಕು ಬಾತ್‌ರೂಮು, ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿಡಲು ಇಬ್ಬರು ಆಳು, ಇಷ್ಟಕ್ಕೆ ಗಣಿ ದುಡ್ಡು ಸಾಲಲ್ವಾ?

ಆಗಲ್ಲ ಅನ್ನೋರಿಗೆ ನಮ್ಮ ಹಳ್ಳಿಗಳನ್ನೇ ತೋರಿಸಬಹುದು. ಸಿರುಗುಪ್ಪ ತಾಲೂಕಿನಲ್ಲಿ ನಮ್ಮವ್ವನ ತವರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಅರಿವು ಕೇಂದ್ರ ಅಂತ ಹೆಸರು, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹೋದ ದೀಪಾವಳಿಗೆ ಹೋದಾಗ ನೋಡಿದೆ, ಗೋಡೆಗೆ ಬಣ್ಣ, ಮಕ್ಕಳ ಎತ್ತರಕ್ಕೆ ಕಪಾಟು, ಬೀಗ ಇಲ್ಲ. ಮೇಲ್ವಿಚಾರಕರು ಅದೇ ಊರಿನವರು. ಒಬ್ಬ ಹುಡುಗ ಭತ್ತದ ಧೂಳು ಮೆತ್ತಿದ ಕೈಯಲ್ಲೇ ಕಥೆ ಪುಸ್ತಕ ಹಿಡಿದಿದ್ದ. ಮೇಲ್ವಿಚಾರಕರು "ಲೇ, ಕೈ ತೊಳ್ಕಂಡು ಬಾರಲೇ" ಅಂದರು, ಅಷ್ಟೇ. ಪುಸ್ತಕ ಕಿತ್ತುಕೊಳ್ಳಲಿಲ್ಲ. ಹಳ್ಳಿಯಲ್ಲಿ ಆಗಿದ್ದು ಪಟ್ಟಣದಲ್ಲಿ ಯಾಕೆ ಆಗಲ್ಲ?

ಗ್ರಂಥಾಲಯದಿಂದ ಹೊರಗೆ ಬಂದು ಮದುರೈಯ ತಣ್ಣನೆ ಹಾಲಿನ ಪಾನೀಯ ಜಿಗರ್‌ಥಂಡಾ ಕುಡಿದೆವು. ಹುಡುಗಿ ಮದುರೈನಲ್ಲಿ ಇದ್ದ ಇನ್ನೂ ಆರು ದಿನವೂ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಅಲ್ಲಿಗೇ ಹೋದಳು, ಮೀನಾಕ್ಷಿ ಗುಡಿಗೆ ಕೊನೆಯ ದಿನ ನಾವೇ ಎಳೆದುಕೊಂಡು ಹೋಗಬೇಕಾಯಿತು. ತಮಿಳು ಒಂದಕ್ಷರ ಬರದಿದ್ದರೂ ಪಕ್ಕದ ಮೇಜಿನ ಹುಡುಗಿಯ ಜೊತೆ ಸ್ನೇಹ ಆಗಿತ್ತು. ಇಬ್ಬರೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅವರವರ ಪರೀಕ್ಷೆ ಎಷ್ಟು ಸಲ ಮುಂದಕ್ಕೆ ಹೋಯಿತು ಅಂತ ಲೆಕ್ಕ ಹಾಕಿ ನಗ್ತಿದ್ದರಂತೆ.

ಅವಳು ಊರಿಗೆ ಹೋದ ವಾರ ಅಪ್ಪನ ಮನೆ ತೆರಿಗೆ ಕಟ್ಟಿದೆ, ಏಪ್ರಿಲ್ ಒಳಗೆ ಕಟ್ಟಿದರೆ ಐದು ಪರ್ಸೆಂಟ್ ರಿಯಾಯಿತಿ. ರಸೀದಿಯಲ್ಲಿ ತೆರಿಗೆ 2,400, ಆರೋಗ್ಯ ಕರ 360, ಗ್ರಂಥಾಲಯ ಕರ 144, ಭಿಕ್ಷುಕರ ಕರ 72. ಇಷ್ಟು ವರ್ಷ ಆ ಮೂರನೇ ಸಾಲನ್ನು ಓದಿಯೇ ಇರಲಿಲ್ಲ. ಓದುತ್ತಾ ಕೂತಿದ್ದಾಗಲೇ ಅಕ್ಕನ ಫೋನು ಬಂತು, ಕ್ಯಾಬಿನ್ ಬಾಡಿಗೆ ಈ ತಿಂಗಳಿಂದ 1,000 ಮಾಡಿದ್ದಾರಂತೆ. ಕಳಿಸಿದೆ.