ಕಾರಿಗೆ ತಣ್ಣೀರು ಪಟ್ಟಿ

ಏಪ್ರಿಲ್ ತಿಂಗಳ ಒಂದು ಭಾನುವಾರ, ಹನ್ನೊಂದೂವರೆಯ ಬಿಸಿಲಿನಲ್ಲಿ, ಚಾಮುಂಡಿ ಬೆಟ್ಟದ ರಸ್ತೆಯ ಮೇಲೆ ಒಂದು ಸ್ಕೂಟರ್ ನನ್ನ ಕಾರನ್ನು ಹಿಂದೆ ಹಾಕಿತು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಮಗು, ಗಂಡನ ಕಾಲಿನ ಬಳಿ ಒಂದು ಬೂದುಗುಂಬಳಕಾಯಿ. ಮಗು ನನ್ನತ್ತ ಕೈ ಬೀಸಿತು. ನಾನು ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿಕೊಂಡು ಕೂತಿದ್ದೆ.

“ಸ್ವಲ್ಪ ಹೊತ್ತು ಎಸಿ ಆರಿಸಲೇ?” ಎಂದೆ.

“ಆರಿಸಿದರೆ ನಾನು ಇಲ್ಲೇ ಇಳಿಯುತ್ತೇನೆ” ಎಂದರು ಹಿಂದಿನ ಸೀಟಿನಿಂದ ಅತ್ತೆಯವರು.

ಮೇಲೆ ತಲುಪಿದಾಗ ಭಾವಮೈದುನ ಚುರುಮುರಿ ತಿಂದು ಮುಗಿಸಿ ಪೊಟ್ಟಣದ ಕಾಗದವನ್ನು ಮಡಚುತ್ತಿದ್ದ. ಅವನದು ಹೊಸ ಟರ್ಬೊ ಪೆಟ್ರೋಲ್ ಕಾರು. “ಬೇಸರ ಮಾಡಿಕೊಳ್ಳಬೇಡಿ ಭಾವ. ನಿಮ್ಮದು ನ್ಯಾಚುರಲಿ ಆಸ್ಪಿರೇಟೆಡ್, ಅಷ್ಟೇ” ಎಂದ. ರೋಗದ ಹೆಸರು ಹೇಳಿ ಸಮಾಧಾನ ಮಾಡುವ ಡಾಕ್ಟರರ ದನಿ ಅದು.

ಆ ರಾತ್ರಿ ನಿದ್ರೆ ಬರಲಿಲ್ಲ. ಮೊಬೈಲ್ ಹಿಡಿದು ಓದುತ್ತ ಕೂತೆ. ತಿಳಿದದ್ದು ಇಷ್ಟು: ನನ್ನ ಕಾರಿನ ಎಂಜಿನ್ ನಮ್ಮ ನಿಮ್ಮ ಹಾಗೆ ತಾನಾಗಿಯೇ ಉಸಿರೆಳೆದುಕೊಳ್ಳುವಂಥದ್ದು. ಸುತ್ತಲಿನ ಗಾಳಿ ಹೇಗಿದ್ದರೆ ಹಾಗೆ. ಗಾಳಿ ಬಿಸಿಯಾದರೆ ಹಿಗ್ಗಿ ತೆಳುವಾಗುತ್ತದೆ. ಸಿಲಿಂಡರ್ ತುಂಬ ಗಾಳಿ ಬಂದರೂ ಅದರಲ್ಲಿರುವ ಆಮ್ಲಜನಕ ಕಡಿಮೆ, ನೀರು ಬೆರೆಸಿದ ಹಾಲಿನ ಹಾಗೆ. ಲೋಟವೇನೋ ತುಂಬಿರುತ್ತದೆ. ಡಿಸೆಂಬರಿನ 16 ಡಿಗ್ರಿಯ ಬೆಳಗಿಗೆ ಹೋಲಿಸಿದರೆ 37 ಡಿಗ್ರಿಯ ಮಧ್ಯಾಹ್ನದ ಗಾಳಿ ಸುಮಾರು ಶೇಕಡ 7ರಷ್ಟು ತೆಳು. ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಮೈಸೂರು ಸಮುದ್ರ ಮಟ್ಟದಿಂದ 750 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ಮೊದಲೇ ತೆಳು. ಅದರ ಮೇಲೆ ಬೆಟ್ಟ, ಬೆಟ್ಟದ ಮೇಲೆ ಎಸಿ, ಎಸಿಯ ಮುಂದೆ ಅತ್ತೆ.

ಭಾವಮೈದುನನ ಕಾರಿನೊಳಗೆ ಟರ್ಬೊ ಎಂಬ ಒಂದು ಊದುಕೊಳವೆ ಇದೆ. ಅಜ್ಜಿ ಸೌದೆ ಒಲೆಗೆ ಊದುತ್ತಿದ್ದಳಲ್ಲ, ಅದೇ. ಊದುವುದು ಮಾತ್ರ ಎಂಜಿನ್ನೇ ಬಿಟ್ಟ ಹೊಗೆಯ ರಭಸದಿಂದ ತಿರುಗುವ ಚಕ್ರ, ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ. 1905ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಮಾಡಿಸಿದ್ದರಂತೆ. ಗಾಳಿ ತೆಳುವಾಗಿದ್ದರೆ ಇನ್ನಷ್ಟು ಒತ್ತಿ ತುಂಬುತ್ತದೆ. ಹಾಗಾಗಿ ಬೆಟ್ಟವಾದರೂ ಸರಿ, ಬಿಸಿಲಾದರೂ ಸರಿ, ಒಂದು ಮಿತಿಯವರೆಗೆ ಸಂಭಾಳಿಸುತ್ತದೆ. ಇಷ್ಟು ಓದಿ ಹೊಟ್ಟೆಕಿಚ್ಚಾಯಿತು. ಮೊಬೈಲ್ ಮುಚ್ಚಿಟ್ಟೆ. ಇನ್ನೆರಡು ಪ್ಯಾರಾ ಓದಬೇಕಿತ್ತು.

ಬೆಳಗಿನ ಜಾವ ಮೂರಕ್ಕೆ ಒಂದು ಯೋಚನೆ ಹೊಳೆಯಿತು. ಬಿಸಿ ಗಾಳಿಯೇ ಕಾಯಿಲೆಯಾದರೆ ತಣ್ಣನೆ ಗಾಳಿಯೇ ಔಷಧ. ಮಕ್ಕಳಿಗೆ ಜ್ವರ ಬಂದಾಗ ಹಣೆಗೆ ತಣ್ಣೀರು ಪಟ್ಟಿ ಹಾಕುವುದಿಲ್ಲವೇ?

ಮುಂದಿನ ಭಾನುವಾರ ಅತ್ತೆಯವರಿಗೆ ಮತ್ತೊಂದು ಹರಕೆ ನೆನಪಾಯಿತು. ನಾನು ಬೇಗ ಎದ್ದು, ಹಿತ್ತಲ ತಂತಿಯ ಮೇಲಿದ್ದ ಒಂದು ಚೌಕವನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಬಾನೆಟ್ ಎತ್ತಿದೆ. ಹೆಡ್‌ಲೈಟಿನ ಹಿಂಬದಿಯಲ್ಲಿ ಅಂಗೈ ಅಗಲದ ಕಪ್ಪು ಪ್ಲಾಸ್ಟಿಕ್ ಬಾಯೊಂದು ಇದೆ. ಎಂಜಿನ್ ಉಸಿರೆಳೆಯುವುದು ಅಲ್ಲಿಂದ. ಅದರ ಮುಂದೆ ಚೌಕವನ್ನು ತೋರಣದ ಹಾಗೆ ಇಳಿಬಿಟ್ಟು ದಾರದಿಂದ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು.

ತಾವರೆಕಟ್ಟೆ ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು, ಅಥವಾ ಹಾಗೆಂದು ನನಗೆ ಅನಿಸಿತು. ಊರು ಕಾಣುವ ತಿರುವಿನ ಹತ್ತಿರ ಮುಂದೆ ಒಂದು ಸ್ಕೂಟರ್. ಕಳೆದ ವಾರದ್ದೇ ಇರಬೇಕೆಂದು ತೋರಿ, ಆಕ್ಸಿಲರೇಟರ್ ಒತ್ತಿದೆ. ಬಾನೆಟ್ಟಿನೊಳಗಿಂದ ಯಾರೋ ಎಳನೀರಿನ ಕೊನೆಯ ಗುಟುಕನ್ನು ಹೀರಿದ ಸದ್ದು ಬಂತು. ಕಾರು ಎರಡು ಸಲ ಬಿಕ್ಕಿ, ರಸ್ತೆಯ ನಡುವೆ ನಿಂತುಬಿಟ್ಟಿತು.

ಹಿಂದೆ ಬೆಟ್ಟದ ಬಸ್ಸು. ಅದರ ಕಂಡಕ್ಟರ್ ತಾನಾಗಿಯೇ ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಬಾನೆಟ್ ಎತ್ತಿದರೆ ಚೌಕದ ಮುಕ್ಕಾಲು ಪಾಲು ಆ ಬಾಯೊಳಗೆ ಹೋಗಿತ್ತು, ಗಿಣ್ಣು ಬಾಯಿಗೆ ತುರುಕಿಕೊಂಡ ಹುಡುಗನ ಹಾಗೆ. ನಾನು ಎಳೆದೆ. ಬರಲಿಲ್ಲ. ಕಂಡಕ್ಟರ್ ಎಳೆದ. ಪಚಕ್ಕೆಂದು ಬಂತು. ಅವನು ಅದನ್ನು ಬಿಡಿಸಿ ಎಲ್ಲರೂ ನೋಡುವಂತೆ ಎತ್ತಿ ಹಿಡಿದ. ಕೆಂಪಂಚಿನ ಬಿಳಿ ಚೌಕ. ಅದರ ನಡುವೆ ಮಣ್ಣುಬಣ್ಣದ ಒಂದು ಉರುಟು ಮುದ್ರೆ.

“ಅದು ನನ್ನ ಮಡಿಯ ಚೌಕ” ಎಂದರು ಅತ್ತೆ.

ಆಮೇಲೆ ಅವರು ಮಾತನಾಡಲಿಲ್ಲ. ಪ್ಯಾರಪೆಟ್ ಗೋಡೆಯ ಬಳಿ ನಿಂತು ಕೆಳಗಿನ ಲಲಿತಮಹಲಿನ ಬಿಳಿ ಗುಮ್ಮಟವನ್ನೇ ನೋಡುತ್ತಿದ್ದರು. “ಇದಕ್ಕಿಂತ ಸಾವಿರ ಮೆಟ್ಟಿಲೇ ವಾಸಿಯಾಗಿತ್ತು” ಎಂದು ಮಗಳಿಗೆ ಹೇಳಿದ್ದು ಮಾತ್ರ ಕೇಳಿಸಿತು.

ಮೇಲಿನಿಂದ ಭಾವಮೈದುನ ಬಂದ. ಪಾರ್ಕಿಂಗ್ ಸರದಿಯಲ್ಲಿ ಮುಕ್ಕಾಲು ಗಂಟೆ ಎಸಿ ಹಾಕಿಕೊಂಡು ಕಾದು, ಫೋನ್ ಮಾಡಿದ್ದೇ ಕೆಳಗಿಳಿದಿದ್ದ. ಅತ್ತೆಯವರನ್ನು ಹತ್ತಿಸಿಕೊಂಡು ಏರು ಹಿಡಿದ. ಬಿಗುಮಾನ ಬಿಟ್ಟು ನಾನೂ ಹತ್ತಿದೆ. ನನ್ನ ಕಾರು ಸ್ಟಾರ್ಟ್ ಆಗಿದ್ದರೂ ಅದನ್ನು ಓಡಿಸಲು ನನ್ನ ಹೆಂಡತಿ ಬಿಡಲಿಲ್ಲ, ತಾನೇ ತಂದಳು. ನೂರು ಗಜ ಹೋಗುವಷ್ಟರಲ್ಲಿ ಅವನು, “ಯಾಕೋ ಎಳೆಯುತ್ತಿಲ್ಲವಲ್ಲ” ಎಂದ.

ನಾನು ಓದದೆ ಬಿಟ್ಟಿದ್ದ ಆ ಎರಡು ಪ್ಯಾರಾಗಳಲ್ಲಿ ಇದ್ದದ್ದು ಇದೇ. ಸೈಕಲ್ ಪಂಪಿನ ತುದಿ ಸುಡುವಂತೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಟರ್ಬೊದಿಂದ ಹೊರಬೀಳುವ ಗಾಳಿ ನೂರು ಡಿಗ್ರಿ ದಾಟಬಲ್ಲದು. ಅದನ್ನು ತಣಿಸಲು ಇಂಟರ್‌ಕೂಲರ್ ಇರುತ್ತದೆ, ಆದರೆ ಅದಕ್ಕೆ ಕಾರು ಓಡುತ್ತ ಎದುರುಗಾಳಿ ಬಡಿಯುತ್ತಿರಬೇಕು. ಬಿಸಿಲಿನಲ್ಲಿ ನಿಂತಲ್ಲೇ ನಿಂತರೆ ಅದೂ ಕಾದ ಕಾವಲಿಯಾಗುತ್ತದೆ. ಆಗ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯದಿರಲೆಂದು ಕಂಪ್ಯೂಟರ್ ಕಿಡಿಯನ್ನು ತಡಮಾಡಿ, ಊದುವುದನ್ನೂ ತಗ್ಗಿಸುತ್ತದೆ. ಕಾರು ಕೈಕೊಡುವುದಿಲ್ಲ, ಜಾಣತನದಿಂದ ಸೋಮಾರಿಯಾಗುತ್ತದೆ.

“ಬೇಸರ ಮಾಡಿಕೊಳ್ಳಬೇಡ. ನಿನ್ನದು ಟರ್ಬೊ, ಅಷ್ಟೇ” ಎಂದೆ. ಆ ವಾರ ನನಗೆ ಸಿಕ್ಕ ಸುಖ ಅದೊಂದೇ.

ಸೋಮವಾರ ಮೆಕ್ಯಾನಿಕ್ ನನ್ನ ಕಾರಿನ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದ. ಒದ್ದೆಯಾದ ದೂಳಿನ ಜೊತೆ ಒಂದು ಹಿಡಿ ಹೊಂಗೆಯ ಹೂವು ಉದುರಿತು. ನಾನು ಕಾರು ನಿಲ್ಲಿಸುವುದು ಹೊಂಗೆ ಮರದ ನೆರಳಿನಲ್ಲಿ, ಎಂಜಿನ್ ತಂಪಾಗಿರಲೆಂದು. ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಅವನು ಕೇಳಿದ. ನಾನು ಚಹಾ ಹೇಳಲು ಹೊರಗೆ ಹೋದೆ.

ಡಿಸೆಂಬರಿನಲ್ಲಿ ಹೊಸ ಫಿಲ್ಟರ್ ಹಾಕಿಸಿ, ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಹೊರಡಿಸಿದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಕಾರು ಮೂರನೆಯ ಗೇರಿನಲ್ಲಿ ಬೆಟ್ಟವನ್ನು ಹಾಡಿಕೊಂಡು ಹತ್ತಿತು, ಒಂದಲ್ಲ ಮೂರು ಸ್ಕೂಟರುಗಳನ್ನು ಹಿಂದೆ ಹಾಕಿತು. ಹೆಮ್ಮೆಯಿಂದ ಕನ್ನಡಿಯಲ್ಲಿ ನೋಡಿದೆ. ಅತ್ತೆಯವರು ಬಾಯಿ ತೆರೆದು ನಿದ್ರೆ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ಶಾಲನ್ನು ಕಿವಿಗೆ ಎಳೆದುಕೊಂಡು, “ಆ ಕಿಟಕಿ ಮುಚ್ಚುತ್ತೀರಾ, ಚಳಿ” ಎಂದಳು.