ಕಾರ್ಡ್ ಆಮೇಲೆ, ಮೊದಲು ಕರೆಂಟು

2025ರ ಚೌತಿಗೆ ಅಕ್ಕನ ಮನೆಗೆ ಹೋಗಿದ್ದೆ. ಶಿರಸಿಯಿಂದ ಸಿದ್ದಾಪುರದ ರಸ್ತೆ ಹಿಡಿದು, ಆಮೇಲೆ ತೋಟದ ಬದಿಯಲ್ಲಿ ಮಣ್ಣು ದಾರಿ. ಪಂಚಕಜ್ಜಾಯ ಇನ್ನೂ ಕೈಯಲ್ಲಿತ್ತು, ಅಷ್ಟರಲ್ಲಿ ಅಕ್ಕನ ಮಗ, ನಮ್ಮ ಮಾಣಿ, ಒಂದು ಚೀಟಿ ತಂದು ಹಿಡಿದ. "ಮಾವಾ, ಗೇಮಿಂಗ್ ಪಿಸಿ. 48 ಸಾವಿರ. ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡು. ಲೈಟ್ ಬೇರೆ ಇದ್ದು."

ಜಗುಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದ ಭಾವನಿಗೆ ಬೇರೆಯದೇ ಚಿಂತೆ. ಚೌತಿಗೆ ಐದು ದಿನ ಮುಂಚೆ, ಆಗಸ್ಟ್ 22ಕ್ಕೆ, ಆನ್‌ಲೈನ್ ಗೇಮಿಂಗ್ ಕಾಯಿದೆಗೆ ರಾಷ್ಟ್ರಪತಿ ಅಂಕಿತ ಬಿದ್ದಿತ್ತು. ಟಿವಿ ತುಂಬಾ ಅದೇ ಸುದ್ದಿ. "ಆನ್‌ಲೈನ್ ಗೇಮ್ ಬಂದ್ ಆತಡ ಭಾವಾ, ಮತ್ತೆ ಇವಂಗೆ ಕಂಪ್ಯೂಟರ್ ಎಂತಕ್ಕೆ?" ಅಂದರು. ಬಂದ್ ಆಗಿದ್ದು ದುಡ್ಡು ಕಟ್ಟಿ ಆಡುವ ಆಟಗಳು, ರಮ್ಮಿ ಗಿಮ್ಮಿ. ಮಾಣಿ ಆಡುವುದು ವ್ಯಾಲರಂಟ್. ಐದು ಜನ ಈಚೆ, ಐದು ಜನ ಆಚೆ, ಬಂದೂಕು ಹಿಡಿದು ಆಡುವ ಆಟ. ಪಣ ಇಲ್ಲ, ಆಟ ಪುಕ್ಕಟೆ. ಕಾಯಿದೆಯಲ್ಲಿ ಇ-ಸ್ಪೋರ್ಟ್ಸ್ ಅಂತ ಇಂಥದ್ದಕ್ಕೆ ಬೇರೆ ಜಾಗವನ್ನೇ ಕೊಟ್ಟಿದ್ದಾರೆ. ಇಷ್ಟು ಹೇಳಿ ಒಪ್ಪಿಸುವಷ್ಟರಲ್ಲಿ ಎರಡು ಚಾ ಆಯಿತು.

ಆಮೇಲೆ ಚೀಟಿ ನೋಡಿದೆ. ಅಂಗಡಿ ಯಾವುದು ಅಂತ ಹೇಳುವುದು ಬೇಡ. ಪ್ರೊಸೆಸರ್ ಐ7 ಏನೋ ಹೌದು, ಆದರೆ 3770. ಅದು 2012ರ ಚಿಪ್ಪು. ಆಟದ ಚಿತ್ರ ಬಿಡಿಸುವ ಕಾರ್ಡು ಜಿಟಿ 730, 2014ರದ್ದು. ಇವತ್ತಿನ ಲೆಕ್ಕದಲ್ಲಿ ಆ ಐ7ಗಿಂತ 2022ರ ಐ3-12100 ಎಷ್ಟೋ ಜೋರು. ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಥ ಹಳೇ ಚಿಪ್ಪನ್ನು ಒಪ್ಪುವುದಿಲ್ಲ. ಹೇಗೋ ಬಲವಂತವಾಗಿ ಹಾಕಿಕೊಂಡರೂ, ವಿಂಡೋಸ್ 11ರಲ್ಲಿ ವ್ಯಾಲರಂಟ್‌ನ ಕಳ್ಳಾಟ ಹಿಡಿಯುವ ವ್ಯವಸ್ಥೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ಏರ್ಪಾಡು ಪಿಸಿಯಲ್ಲಿ ಇಲ್ಲದಿದ್ದರೆ ಆಟವನ್ನೇ ಬಿಡುವುದಿಲ್ಲ. ಅಂದರೆ 48 ಸಾವಿರ ಕೊಟ್ಟು ಬಣ್ಣದ ದೀಪ ಹಚ್ಚುವ ಪೆಟ್ಟಿಗೆ ಮನೆಗೆ ಬರುತ್ತಿತ್ತು.

ಭಾವನಿಗೆ ಅಡಿಕೆ ಭಾಷೆಯಲ್ಲಿ ಹೇಳಿದೆ. ಚೀಲದ ಮೇಲೆ ರಾಶಿ ಅಡಿಕೆ ಅಂತ ಬರೆದಿದ್ದರೆ ನೀವು ರೇಟು ಕಟ್ಟುತ್ತೀರಾ? ಬಾಯಿ ಬಿಚ್ಚಿಸಿ, ಕೈ ಹಾಕಿ, ಯಾವ ವರ್ಷದ್ದು ಅಂತ ನೋಡುವುದಿಲ್ಲವಾ? ಐ7 ಅನ್ನುವುದೂ ಚೀಲದ ಮೇಲಿನ ಹೆಸರು. ಅದರ ಮುಂದಿನ ನಂಬರ್ ನೋಡಬೇಕು. "4 ಜಿಬಿ ಕಾರ್ಡ್" ಅನ್ನುವುದೂ ಅಷ್ಟೇ. ಅದು ಕಾರ್ಡಿನ ಮೆಮೊರಿಯ ಅಳತೆ, ವೇಗದ್ದಲ್ಲ. ಭಾವನಿಗೆ ತಕ್ಷಣ ಅರ್ಥವಾಯಿತು. ಬಿಕಾಂ ಓದುವ ಮಾಣಿಗೆ ಸ್ವಲ್ಪ ತಡವಾಯಿತು, ದೀಪದ ಮೇಲೆ ಮನಸ್ಸಿತ್ತಲ್ಲ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಜಿಲ್ಲೆಯಲ್ಲಿ ಗೇಮಿಂಗ್ ಪಿಸಿ ತೆಗೆದುಕೊಳ್ಳುವವರು ಬೆಂಗಳೂರಿನವರ ಯೂಟ್ಯೂಬ್ ವಿಡಿಯೋ ನೋಡಿ ಪಟ್ಟಿ ಮಾಡಬಾರದು. ಆ ವಿಡಿಯೋದವರು ಇದ್ದ ದುಡ್ಡನ್ನೆಲ್ಲ ಕಾರ್ಡಿಗೆ ಸುರಿಯುತ್ತಾರೆ. ನಾವು, ಕರೆಂಟ್ ಹೋದರೂ ಪಿಸಿಯನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಡಬ್ಬಿ ಅಂದರೆ ಯುಪಿಎಸ್‌ಗೆ, ರೂಟರಿನಿಂದ ಪಿಸಿಗೆ ಎಳೆಯುವ ಲ್ಯಾನ್ ವೈರಿಗೆ, ಪಿಸಿಯೊಳಗೆ ಕೂರುವ ಒಳ್ಳೆ ಪವರ್ ಸಪ್ಲೈಗೆ ಮೊದಲು ದುಡ್ಡು ತೆಗೆದಿಟ್ಟು, ಉಳಿದದ್ದರಲ್ಲಿ ಕಾರ್ಡ್ ನೋಡಬೇಕು. ಕಾರ್ಡ್ ಒಂದು ಮೆಟ್ಟಿಲು ಕೆಳಗಿಳಿದರೂ ಅಡ್ಡಿಯಿಲ್ಲ.

ಯಾಕೆ ಅಂದರೆ, ಈ ಆನ್‌ಲೈನ್ ಆಟಗಳಲ್ಲಿ ಮಧ್ಯ ಎದ್ದು ಹೋಗುವ ಹಾಗಿಲ್ಲ. ಕರೆಂಟ್ ಹೋಗಿ ಪಿಸಿ ಆರಿದರೆ, ಆಟದ ಲೆಕ್ಕದಲ್ಲಿ ನೀನು ಓಡಿಹೋದವ. ಉಳಿದ ನಾಲ್ಕು ಜನ ಬೈಯುತ್ತಾರೆ, ಪಾಯಿಂಟ್ ಕಡಿತವಾಗುತ್ತದೆ, ಪದೇ ಪದೇ ಆದರೆ ಇಷ್ಟು ಹೊತ್ತು ಆಡಬೇಡ ಅಂತ ಶಿಕ್ಷೆ. ಕೌಂಟರ್ ಸ್ಟ್ರೈಕ್ 2ರಲ್ಲೂ ಹೀಗೇ. ಮಳೆಗಾಲದಲ್ಲಿ ಮರ ಬಿತ್ತು, ಲೈನ್ ಟ್ರಿಪ್ ಆಯಿತು ಅಂತ ಆಟದ ಕಂಪನಿಗೆ ಹೇಳಲು ಬರುತ್ತದಾ? ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ, ನೀರಿನಿಂದ ಕರೆಂಟ್ ತೆಗೆಯುವ ಜಾಗಗಳೆಲ್ಲ ನಮ್ಮಲ್ಲೇ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳು. ಆದರೂ ಜೂನ್ ಬಂತೆಂದರೆ ನಾವು ಮೊಂಬತ್ತಿ ಹುಡುಕುತ್ತೇವೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ನಮಗೆ ಬರೀ ಗಾದೆ ಅಲ್ಲ.

ಯುಪಿಎಸ್ ತೆಗೆದುಕೊಳ್ಳುವಾಗ ವಿಎ ಅನ್ನುವ ಅಂಕಿ ನೋಡಿ ಮೋಸ ಹೋಗಬೇಡಿ. 600 ವಿಎ ಅಂತ ದೊಡ್ಡದಾಗಿ ಬರೆದಿರುತ್ತದೆ, ಅದು ಕೊಡುವುದು ಸುಮಾರು 360 ವ್ಯಾಟ್. ನಾವು 1000 ವಿಎ, 600 ವ್ಯಾಟಿನದ್ದು ತೆಗೆದುಕೊಂಡೆವು. ಆಟ ಆಡುವಾಗ ಪಿಸಿ, ಮಾನಿಟರ್ ಸೇರಿ 250 ವ್ಯಾಟಿನ ಆಸುಪಾಸು ಎಳೆಯುತ್ತದೆ. ಹತ್ತು ನಿಮಿಷ ನಡೆಯುತ್ತದೆ. ಪೂರ್ತಿ ಮ್ಯಾಚಿಗೆ ಸಾಲುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮಲ್ಲಿ ಜಾಸ್ತಿ ಕಾಟ ಕೊಡುವುದು ಕಣ್ಣು ಮಿಟುಕಿಸಿದ ಹಾಗೆ ಹೋಗಿ ಬರುವ ಕರೆಂಟು. ಅದನ್ನು ಇದು ತಡೆಯುತ್ತದೆ. ರೂಟರ್ ಕೂಡ ಅದರಲ್ಲೇ ಇರಬೇಕು, ಇಲ್ಲದಿದ್ದರೆ ಪಿಸಿ ಉರಿಯುತ್ತಿರುತ್ತದೆ, ನೆಟ್ ಸತ್ತಿರುತ್ತದೆ. ಮನೆಯ ಹಳೇ ಇನ್ವರ್ಟರಿಗೆ ಹಚ್ಚಬಹುದಲ್ಲ ಅಂತ ಅಕ್ಕ ಕೇಳಿದಳು. ಅದು ಫ್ಯಾನಿನಲ್ಲಿ ಗುಂಯ್ ಅನ್ನಿಸುವ ಸ್ಕ್ವೇರ್ ವೇವ್ ಇನ್ವರ್ಟರ್. ಅದು ಬೇಡ. ಹಚ್ಚುವುದೇ ಆದರೆ ಸೈನ್ ವೇವ್ ಇರಬೇಕು.

ಪಿಸಿ ಕಡೆಗೆ ಬರುತ್ತೇನೆ. ಯಾವ ಆಟ ಅಂತ ಮೊದಲು ಕೇಳಿ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ತರಹದವು ಕಾರ್ಡಿಗಿಂತ ಪ್ರೊಸೆಸರನ್ನು ಜಾಸ್ತಿ ದುಡಿಸುತ್ತವೆ. ಕಥೆ ಇರುವ ದೊಡ್ಡ ದೊಡ್ಡ ಆಟಗಳು ಕಾರ್ಡ್ ತಿನ್ನುತ್ತವೆ. ನಾವು ಹಾಕಿಸಿದ್ದು ರೈಜನ್ 5 5600, ಆರ್‌ಎಕ್ಸ್ 6600 ಕಾರ್ಡು, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ. 16ರ ಒಂದೇ ಕಡ್ಡಿ ಹಾಕಿಸಬೇಡಿ, ಜೋಡಿ ಇದ್ದರೆ ಎರಡು ದಾರಿಯಲ್ಲಿ ಓಡುತ್ತದೆ. ನಮ್ಮ ಅದೃಷ್ಟ, ಸೆಪ್ಟೆಂಬರಿನಲ್ಲೇ ಮುಗಿಸಿದೆವು. ವರ್ಷದ ಕೊನೆಗೆ ರ‍್ಯಾಮ್ ಬೆಲೆ ಹತ್ತಿದ ರೀತಿ ನೋಡಿ ಅಡಿಕೆ ಬೆಳೆಗಾರರಿಗೇ ಹೊಟ್ಟೆಕಿಚ್ಚಾಗಬೇಕು. ಚಿಪ್ಪು ಮಾಡುವವರೆಲ್ಲ ಎಐ ಸರ್ವರ್‌ಗಳ ಕಡೆ ತಿರುಗಿದ್ದರ ಫಲ.

ಕೈಯಲ್ಲಿ ಅಷ್ಟಿಲ್ಲ ಅನ್ನುವವರಿಗೆ 5600ಜಿ ಇದೆ. ಕೊನೆಯ ಆ ಜಿ ಮುಖ್ಯ. ಗ್ರಾಫಿಕ್ಸ್ ಅದರೊಳಗೇ ಇರುತ್ತದೆ, ಕಾರ್ಡ್ ಬೇಡ. ವ್ಯಾಲರಂಟ್ ಆರಾಮಾಗಿ ಓಡುತ್ತದೆ, ಕಾರ್ಡನ್ನು ಮುಂದಿನ ಕೊಯ್ಲಿಗೆ ನೋಡಿಕೊಳ್ಳಬಹುದು. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಉಲ್ಟಾ, ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕೇ ಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಡುವ ಪವರ್ ಸಪ್ಲೈ ಮಾತ್ರ ಬೇಡವೇ ಬೇಡ.

ಮಾನಿಟರ್ 144 ಹರ್ಟ್ಸ್‌ನದ್ದು. 60 ಹರ್ಟ್ಸ್‌ನಲ್ಲಿ ಹೊಸ ಚಿತ್ರ ಬರುವುದು 16.7 ಮಿಲಿಸೆಕೆಂಡಿಗೊಮ್ಮೆ, ಇದರಲ್ಲಿ 6.9ಕ್ಕೊಮ್ಮೆ. ಮೂಲೆಯಿಂದ ಇಣುಕುವವನು ಬೇಗ ಕಾಣುತ್ತಾನೆ. ಇಲ್ಲಿ ನನ್ನ ಮರ್ಯಾದೆ ಹೋಯಿತು. ಎಲ್ಲ ಜೋಡಿಸಿ, ದೊಡ್ಡದಾಗಿ ಭಾಷಣ ಮಾಡಿ, ಆನ್ ಮಾಡಿದರೆ ಹಳೇ ಮಾನಿಟರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅರ್ಧ ಗಂಟೆಯಾದ ಮೇಲೆ ಮಾಣಿಯೇ ಕಂಡುಹಿಡಿದ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಅದು 60ರಲ್ಲೇ ಕೂತಿತ್ತು, ನಾವೇ ಹೋಗಿ 144 ಮಾಡಬೇಕು. ಮಾನಿಟರಿನ ವೈರನ್ನು ಮದರ್‌ಬೋರ್ಡಿಗೆ ಚುಚ್ಚಿ, ಕಾರ್ಡ್ ಸುಮ್ನೆ ಕೂತಿರುವ ಮನೆಗಳನ್ನೂ ನೋಡಿದ್ದೇನೆ. ವೈರು ಕಾರ್ಡಿಗೇ ಹೋಗಬೇಕು.

ಇನ್ನು ಲೈನು. ವ್ಯಾಲರಂಟ್‌ನ ಸರ್ವರ್ ಮುಂಬೈಯಲ್ಲಿದೆ. ಫೈಬರಿನ ಗಾಜಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ನಕ್ಷೆಯಲ್ಲಿ ಶಿರಸಿಗೆ ಮುಂಬೈ ದೂರವೇನಲ್ಲ. ಆದರೆ ನಮ್ಮ ಡೇಟಾ ಬೆಂಗಳೂರು ಸುತ್ತಿ ಮುಂಬೈಗೆ ಹೋದರೆ ಪಿಂಗ್, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಹೊತ್ತು, ಏರುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಪ್ಲಾನ್ 50ರಿಂದ 200 ಎಂಬಿಪಿಎಸ್‌ಗೆ ಏರಿಸಿದರೆ ಪಿಂಗ್ ಇಳಿಯುತ್ತದೆ ಅಂತ ಮಾಣಿ ನಂಬಿದ್ದ. ಇಳಿಯುವುದಿಲ್ಲ. ಈ ಆಟಕ್ಕೆ ಬೇಕಾದ ಡೇಟಾ ತುಂಬಾ ಕಡಿಮೆ, ಬೇಕಾದ್ದು ತಡೆಯಿಲ್ಲದ ಲೈನು. ತಡೆ ಇದ್ದದ್ದು ಮನೆಯೊಳಗೇ. ರೂಟರ್ ಜಗುಲಿಯಲ್ಲಿ, ಮಾಣಿಯ ಕೋಣೆ ಹಿತ್ತಲ ಕಡೆ, ಮಧ್ಯ ಎರಡು ದಪ್ಪ ಮಣ್ಣಿನ ಗೋಡೆ. ವೈಫೈ ಅಲ್ಲಿಗೆ ಬರುವಷ್ಟರಲ್ಲಿ ಜೀವ ಬಿಟ್ಟಿರುತ್ತದೆ. ಲ್ಯಾನ್ ಕೇಬಲ್ ಎಳೆಯಬೇಕು, ಆದರೆ ಅಟ್ಟದಲ್ಲಿ ಇಲಿ. ಆಗ ಪರಿಹಾರ ಹೇಳಿದ್ದು ಭಾವ! ತೋಟದ ಹನಿ ನೀರಾವರಿಗೆ ತಂದು ಉಳಿದಿದ್ದ ಕಪ್ಪು ಪೈಪು ಕೊಟ್ಟರು. ಅದರೊಳಗೆ ಕೇಬಲ್ ತೂರಿಸಿ ಅಟ್ಟದ ಮೇಲೆ ಹಾಯಿಸಿದೆವು. ಇವತ್ತಿನವರೆಗೆ ಇಲಿ ಬಾಯಿ ಹಾಕಿಲ್ಲ. ಪಿಂಗ್ 40 ಮಿಲಿಸೆಕೆಂಡಿನ ಹತ್ತಿರ ನಿಂತಿದೆ.

ಕರಾವಳಿಯವರಿಗೆ ಒಂದು ಮಾತು. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ನನ್ನ ಪಿಸಿಯನ್ನು ಸಮುದ್ರದ ಕಡೆ ಕಿಟಕಿಯ ಪಕ್ಕ ಇಟ್ಟಿದ್ದೆ, ಗಾಳಿ ಚೆನ್ನಾಗಿ ಆಡಲಿ ಅಂತ. ಒಂದೂವರೆ ವರ್ಷಕ್ಕೆ ಸ್ಕ್ರೂಗಳೆಲ್ಲ ತುಕ್ಕು. ಉಪ್ಪು ಗಾಳಿಗೆ ಬೈಕೇ ಉಳಿಯುವುದಿಲ್ಲ, ಇದು ಯಾವ ಲೆಕ್ಕ? ಒಳಗೋಡೆಗೆ ಸರಿಸಿದೆ. ಮಳೆಗಾಲದಲ್ಲಿ ಆಡದಿದ್ದರೂ ದಿನಾ ಅರ್ಧ ಗಂಟೆ ಹಚ್ಚಿಡುತ್ತೇನೆ, ಆ ಬಿಸಿಗೆ ಥಂಡಿ ಆರುತ್ತದೆ. ಗುಡುಗು ಶುರುವಾದರೆ ಪ್ಲಗ್ ತೆಗೆದುಬಿಡುತ್ತೇನೆ, ಮ್ಯಾಚ್ ಇದ್ದರೂ.

ಮಾಣಿಯ ಪಿಸಿ ಹುಬ್ಬಳ್ಳಿಯಿಂದ ಬಂತು. ಕಾರಿನಲ್ಲಿ, ಮುಂಡಗೋಡ ದಾರಿಯಲ್ಲಿ, ಹಾಸಿಗೆಯ ಮೇಲೆ ಮಲಗಿಸಿಕೊಂಡು. ಕಾರ್ಡನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿಸಿದ್ದೆ, ಇಲ್ಲದಿದ್ದರೆ ಹೊಂಡಕ್ಕೊಂದು ಕುಲುಕಾಟದಲ್ಲಿ ಅದರ ಸ್ಲಾಟ್ ಮುರಿಯುತ್ತದೆ. ಯುಪಿಎಸ್ ಸೇರಿ ಒಟ್ಟು 70 ಸಾವಿರದ ಮೇಲೆ ಸ್ವಲ್ಪ ಆಯಿತು. ಬಣ್ಣದ ದೀಪಕ್ಕೆ ದುಡ್ಡು ಉಳಿಯಲಿಲ್ಲ. ಮಾಣಿ ಎರಡು ದಿನ ಮುಖ ಊದಿಸಿಕೊಂಡಿದ್ದ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಸಂಜೆ ಕರೆಂಟ್ ಹೋಗಿತ್ತಂತೆ, ಇನ್ವರ್ಟರಿನ ಬ್ಯಾಟರಿ ಅದಕ್ಕೂ ಮೊದಲೇ ಮುಗಿದಿತ್ತಂತೆ. ಮನೆಯೆಲ್ಲ ಕತ್ತಲೆ, ಮಾಣಿಯ ಕೋಣೆಯಲ್ಲಿ ಮಾತ್ರ ಬೆಳಕು, ಢಂ ಢಂ ಸದ್ದು. ಆ ಯುಪಿಎಸ್ ಡಬ್ಬಿಗೆ ಮಿಕ್ಸರ್ ಹಚ್ಚಬಹುದಾ, ತಂಬುಳಿಗೆ ಕಾಯಿ ಬೀಸಬೇಕು ಅಂತ ಕೇಳಿದಳು. ಬೇಡ ಅಂದೆ. ಹಿಂದಿನಿಂದ ಮಾಣಿ "ಮಾವಾ, ಇನ್ನೊಂದ್ ಸಲ ಹೇಳು, ಗಟ್ಟಿಯಾಗಿ ಹೇಳು" ಅಂತ ಕೂಗುತ್ತಿದ್ದ.