ಬೆಂಕಿ ಆರಿಸೋ ಡ್ರೈ ಸ್ಪ್ರಿಂಕ್ಲರ್ ಬಗ್ಗೆ ಓಡಾಡ್ತಿರೋ ಮೆಸೇಜ್ ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡಬೇಡಿ

"ಡ್ರೈ ಟೈಪ್ ಸ್ಪ್ರಿಂಕ್ಲರ್ ಪೈಪಲ್ಲಿ ನೀರೇ ಇರಲ್ಲ, ಹಾಗಾಗಿ ತುಕ್ಕು ಹಿಡಿಯಲ್ಲ, ಮೇಂಟೆನೆನ್ಸೂ ಬೇಡ" ಅಂತ ಒಂದು ಮೆಸೇಜ್ ಕೋಲ್ಡ್ ಸ್ಟೋರೇಜ್, ಗೋಡೌನ್ ನೋಡ್ಕೊಳ್ಳೋರ ಗ್ರೂಪ್‌ಗಳಲ್ಲಿ ಓಡಾಡ್ತಿದೆ. ಮೊದಲನೇ ಮಾತೊಂದೇ ನಿಜ, ಅದೂ ಅರ್ಧ.

ಪೈಪಲ್ಲಿ ನೀರಿನ ಬದಲು ಒತ್ತಡದಲ್ಲಿ ತುಂಬಿದ ಗಾಳಿ ಅಥವಾ ನೈಟ್ರೋಜನ್ ಇರುತ್ತೆ, ಆ ಒತ್ತಡವೇ ಡ್ರೈ ಪೈಪ್ ವಾಲ್ವನ್ನ ಮುಚ್ಚಿಟ್ಟು ನೀರನ್ನ ಆಚೆನೇ ತಡೆದಿರುತ್ತೆ, ಬೆಂಕಿ ಬಿಸಿಗೆ ಹೆಡ್ (ನೀರು ಚಿಮ್ಮೋ ಬಾಯಿ) ತೆರೆದ ಮೇಲೆ ಗಾಳಿ ಹೊರಗೆ ಹೋಗಿ ಒತ್ತಡ ಇಳಿದ್ರೆ ವಾಲ್ವ್ ತೆರೆದು ನೀರು ಬರುತ್ತೆ. ಪೈಪೊಳಗೆ ನೀರು ಹೆಪ್ಪುಗಟ್ಟೋ ಭಯ ಇರೋ ಜಾಗಕ್ಕೆ ಅಂತಲೇ ಇದನ್ನ ಹಾಕೋದು.

ತುಕ್ಕಿನ ವಿಷಯದಲ್ಲಂತೂ ಮೆಸೇಜ್ ಪೂರ್ತಿ ಉಲ್ಟಾ. ಟೆಸ್ಟ್ ಮಾಡಿದಾಗ ಉಳಿದ ನೀರು, ಕಂಪ್ರೆಸರ್ ಗಾಳಿಯ ತೇವ ಎರಡೂ ತಗ್ಗಿನ ಕಡೆ ನಿಲ್ಲುತ್ತೆ, ಮೇಲೆ ಆಕ್ಸಿಜನ್ ಬೇರೆ, ಕಬ್ಬಿಣದ ಪೈಪ್ ಒಳಗಿಂದಲೇ ತಿಂದುಹೋಗುತ್ತೆ. ತಗ್ಗಿನ ಡ್ರೈನ್ ವಾಲ್ವ್‌ನ ನಿಧಾನಕ್ಕೆ ತೆರೆದು ನೋಡಿ, ಎಷ್ಟೋ ಕಡೆ ಮೊದಲು ಕಂದು ಬಣ್ಣದ ನೀರೇ ಬರುತ್ತೆ. ಅದಕ್ಕೇ ಪೈಪನ್ನ ಇಳಿಜಾರಾಗಿ ಕೂರಿಸೋದು, ತುಂಬ ಜನ ಇನ್‌ಸ್ಟಾಲ್ ಮಾಡೋವಾಗ ಇದನ್ನೇ ಬಿಟ್ಬಿಡ್ತಾರೆ.

ಈ ಕೆಲಸದಲ್ಲಿರೋರು ನೋಡೋ ಎನ್‌ಎಫ್‌ಪಿಎ 25 (ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಮಾನದಂಡ) ಪ್ರಕಾರ ವಾಲ್ವಿನ ಟ್ರಿಪ್ ಟೆಸ್ಟ್ (ಒತ್ತಡ ಇಳಿದಾಗ ವಾಲ್ವ್ ತೆರೆಯುತ್ತಾ ಅಂತ ನೋಡೋದು) ವರ್ಷಕ್ಕೊಮ್ಮೆ, ಪೂರ್ತಿ ನೀರು ಬಿಟ್ಟು ಮಾಡೋ ಟೆಸ್ಟ್ 3 ವರ್ಷಕ್ಕೊಮ್ಮೆ ಆಗ್ಲೇಬೇಕು. ಮೇಂಟೆನೆನ್ಸ್ ಬೇಡ ಅನ್ನೋದು ಜೀವಕ್ಕೇ ಕುತ್ತು ತರೋ ಮಾತು, ಯಾರಾದ್ರೂ ಕಳ್ಸಿದ್ರೆ ಈ ಸ್ಪಷ್ಟನೆ ಕಳ್ಸಿ, ಆ ಮೆಸೇಜ್ ಅಲ್ಲೇ ನಿಲ್ಲಿಸಿ.